ಶೆಡ್ಡಿನ ಗೋಡೆಯ ಮೇಲೆ ಮೊಣಕಾಲು ಮಡಚಿದವರಿಗೆ

ಇವರಿಗೆ,
ಶ್ರೀಮಾನ್ ಚಿತ್ರಪುರುಷರು,
‘ಭಾರ ಎತ್ತುವ ಸರಿಯಾದ ಕ್ರಮ’ ಪೋಸ್ಟರ್,
ಸಿಮೆಂಟ್ ಶೆಡ್ಡಿನ ಒಳಗೋಡೆ, ಹೊಸ ಸಭಾಭವನದ ಕೆಲಸದ ಸ್ಥಳ,
ಗುರುವಾಯನಕೆರೆಯಿಂದ ಮೂಡುಬಿದಿರೆಗೆ ಹೋಗುವ ರಸ್ತೆ.

ವಿಷಯ: ತಾವು ಕಲಿಸಿದ ವಿದ್ಯೆಯು ಸೊಂಟದ ಮಟ್ಟಕ್ಕೆ ಬಂದು ನಿಂತಿರುವ ಬಗ್ಗೆ.

ಮಾನ್ಯರೇ,

ಹಳದಿ ಹೆಲ್ಮೆಟ್ಟು, ಇಸ್ತ್ರಿಯ ಗೆರೆ ಕೆಡದ ನೀಲಿ ಅಂಗಿ, ಎರಡೂ ಕೈಗೆ ಕೈಗವಸು ಮತ್ತು ಮಳೆಗಾಲದಲ್ಲೂ ಮಾಸದ ಮುಗುಳ್ನಗೆಯೊಂದಿಗೆ ಕಳೆದ ಮೂರು ತಿಂಗಳಿನಿಂದ ನಮ್ಮ ಶೆಡ್ಡಿನ ಗೋಡೆಯನ್ನು ಬೆಳಗುತ್ತಿರುವ ತಮ್ಮ ಪಾದಗಳಿಗೆ, ಅವುಗಳ ನಡುವೆ ಭುಜದಷ್ಟೇ ಅಂತರ ಇರಬೇಕೆಂದು ತಾವೇ ತೋರಿಸಿಕೊಟ್ಟಿರುವುದರಿಂದ, ಒಂದೊಂದಕ್ಕೂ ಬೇರೆ ಬೇರೆಯಾಗಿ ನಮಸ್ಕಾರಗಳು. ತಾವು ಕ್ಷೇಮದಿಂದಿದ್ದೀರಾ ಎಂದು ಕೇಳುವ ಅಗತ್ಯವಿಲ್ಲ, ತಮ್ಮ ಬೆನ್ನನ್ನು ನೋಡಿದರೇ ತಿಳಿಯುತ್ತದೆ.

ನನ್ನ ಹೆಸರು ವಾರಿಜಾಕ್ಷಿ, ಊರು ಸಿದ್ಧಕಟ್ಟೆ. ಹತ್ತೊಂಬತ್ತು ವರ್ಷಗಳಿಂದ ಕಟ್ಟಡದ ಕೆಲಸದಲ್ಲಿ ಕಲ್ಲು ಹೊರುತ್ತಿದ್ದೇನೆ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ಒಳ್ಳೆಯ ಅಂಕ ಬಂದಿತ್ತು ಎಂಬ ಒಂದೇ ಕಾರಣಕ್ಕೆ, ಪಂಚಾಯತಿಗೆ ನೀರಿನ ಅರ್ಜಿಯಿಂದ ಹಿಡಿದು ಶಾಲೆಗೆ ರಜೆಯ ಚೀಟಿಯವರೆಗೆ ನಮ್ಮ ಕಡೆಯ ಬರವಣಿಗೆಯೆಲ್ಲ ನನ್ನ ಪಾಲಿಗೇ ಬರುತ್ತದೆ. ಬೈಯುವುದಕ್ಕೆ ನಮಗೆ ತುಳು ಸಾಕು, ಆದರೆ ತಮ್ಮಂಥ ದೊಡ್ಡವರಿಗೆ ದೂರು ಬರೆಯಬೇಕಾದರೆ ಕನ್ನಡವೇ ಆಗಬೇಕು, ಅದೂ ಶಾಲೆಯಲ್ಲಿ ಕಲಿತ ಕನ್ನಡ. ಆದ್ದರಿಂದ ಎಲ್ಲಾದರೂ ಗೌರವ ಹೆಚ್ಚಾಗಿದ್ದರೆ ದಯವಿಟ್ಟು ಕ್ಷಮಿಸಬೇಕು.

ಮೊದಲಿಗೆ ತಮ್ಮ ಕಲೆಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವುದು ನನ್ನಿಂದಾಗದು. ತಾವು ಮೂರು ಚಿತ್ರಗಳಲ್ಲಿ ಇದ್ದೀರಿ. ಒಂದನೆಯದರಲ್ಲಿ ಪೆಟ್ಟಿಗೆಯ ಮುಂದೆ ಮೊಣಕಾಲು ಮಡಚಿದ್ದೀರಿ, ಎರಡನೆಯದರಲ್ಲಿ ಅದನ್ನು ಎದೆಗೆ ಒತ್ತಿ ಹಿಡಿದಿದ್ದೀರಿ, ಮೂರನೆಯದರಲ್ಲಿ ಎದ್ದು ನಿಂತಿದ್ದೀರಿ. ಮೂರರಲ್ಲೂ ಮುಖ ಒಂದೇ ಥರ ಇದೆ, ಬೆವರಿನ ಒಂದು ಹನಿಯಿಲ್ಲ. ಆ ಪೆಟ್ಟಿಗೆಗೆ ಎರಡು ಕಡೆ ಹಿಡಿಕೆ, ಮೇಲೆ ಯಾವ ಬದಿ ಮೇಲೆ ಎಂದು ತೋರಿಸುವ ಬಾಣದ ಗುರುತು. ಅದರೊಳಗೆ ಏನಿರಬಹುದು ಎಂದು ಹತ್ತು ಗಂಟೆಯ ಚಾಯದ ಹೊತ್ತಿಗೆ ನಮ್ಮಲ್ಲಿ ಅನೇಕ ದಿನ ಚರ್ಚೆ ನಡೆದಿದೆ. ಕಲ್ಲು ಕಟ್ಟುವ ವೆಂಕಪ್ಪ ಮೇಸ್ತ್ರಿಯವರು ಕನ್ನಡಕ ಹಾಕಿಕೊಂಡು ಹತ್ತಿರದಿಂದ ಪರಿಶೀಲಿಸಿ, “ಒಳಗೆ ಏನೂ ಇಲ್ಲ ಮಾರಾಯ್ತಿ. ಸಾಮಾನು ಉಂಟಾದ್ರೆ ಆ ಜನದ ಮುಖ ಹಾಗಿರುವುದಿಲ್ಲ” ಎಂದು ತೀರ್ಪು ಕೊಟ್ಟರು. ನಾನು ಅದನ್ನು ನಂಬಿಲ್ಲ, ತಮ್ಮಂಥವರು ಖಾಲಿ ಪೆಟ್ಟಿಗೆಗೆ ಇಷ್ಟು ಶ್ರಮ ಪಡುವವರಲ್ಲ.

ನಮ್ಮ ಪೆಟ್ಟಿಗೆಯ ಪರಿಚಯವನ್ನೂ ತಮಗೆ ಮಾಡಿಕೊಡಬೇಕು. ಅದರ ಹೆಸರು ಕೆಂಪುಕಲ್ಲು. ಕಲ್ಲು ತೆಗೆಯುವ ಕೋರೆಯಲ್ಲಿ ಮೆಷಿನ್ನು ಕೊಯ್ದು ಕೊಟ್ಟದ್ದನ್ನು ಲಾರಿಯವರು ರಸ್ತೆಯ ಬದಿಗೆ ಸುರಿದು ಹೋಗುತ್ತಾರೆ. ಒಣಗಿದ್ದರೆ ಒಂದೊಂದೂ ಮೂವತ್ತು ಕಿಲೋದ ಆಸುಪಾಸು ತೂಗುತ್ತದೆ, ಮಳೆಯಲ್ಲಿ ನೆನೆದರೆ ಎಷ್ಟು ನೀರು ಕುಡಿಯುತ್ತದೆಂದು ಅದಕ್ಕೇ ಗೊತ್ತು. ಅದಕ್ಕೆ ಹಿಡಿಕೆ ಇಲ್ಲ, ಬಾಣದ ಗುರುತಿಲ್ಲ. ಮೈ ತುಂಬಾ ತೂತು, ಅಂಚು ಹರಿತ. ಎದೆಗೆ ಒತ್ತಿ ಹಿಡಿದರೆ, ಸೀರೆಯ ಮೇಲೆ ಹಾಕಿಕೊಂಡ ಗಂಡಸರ ಶರ್ಟೂ ಕೆಂಪಾಗುತ್ತದೆ, ಅದರೊಳಗಿನ ಚರ್ಮವೂ ಕೆಂಪಾಗುತ್ತದೆ. ಲಾರಿ ಸುರಿದಲ್ಲಿಂದ ಗೋಡೆಯವರೆಗೆ ಹಲಗೆ ಹಾಸಿದ ಏರು ಉಂಟು, ಅದರ ಮೇಲೆ ಕಲ್ಲನ್ನು ಕೈಯಲ್ಲಿ ಹಿಡಿದು ಹತ್ತಿದರೆ ಕಾಲಿಡುವ ಜಾಗ ಕಾಣಿಸುವುದಿಲ್ಲ. ಅದಕ್ಕಾಗಿ ನಮ್ಮ ತಾಯಂದಿರ ಕಾಲದಿಂದಲೂ ನಾವು ಬೈರಾಸು ಎಂಬ ಹೆಗಲ ಬಟ್ಟೆಯನ್ನು ಸುತ್ತಿ ತಲೆಯ ಮೇಲಿಟ್ಟು, ಅದರ ಮೇಲೆ ಕಲ್ಲು ಹೊರುತ್ತೇವೆ.

ತಲೆಗೆ ಕಲ್ಲು ಏರುವುದು ಒಬ್ಬರಿಂದ ಆಗುವ ಕೆಲಸವಲ್ಲ. ಹಾಗಾಗಿ ನಮ್ಮಲ್ಲಿ ಜೋಡಿ ಎಂಬ ಒಂದು ಏರ್ಪಾಡು ಇತ್ತು. ಇಬ್ಬರು ಎರಡು ಬದಿಯಿಂದ ಹಿಡಿದು ಒಂದೇ ಉಸಿರಿಗೆ ಎತ್ತಿ ಒಬ್ಬಳ ತಲೆಗೆ ಇಡುವುದು, ಅವಳು ಹೊತ್ತು ಹೋಗಿ ಬರುವಷ್ಟರಲ್ಲಿ ಇನ್ನೊಬ್ಬಳು ಮುಂದಿನ ಕಲ್ಲನ್ನು ಮಗುಚಿ, ಅಡಿಯಲ್ಲಿ ಚೇಳು ಉಂಟಾ ಎಂದು ನೋಡಿ, ಅಂಚಿನ ಪುಡಿ ಒರಸಿ, ಒಂದು ಗುಟುಕು ನೀರು ಕುಡಿದು ಬೆನ್ನಿಗೆ ವಿಶ್ರಾಂತಿ ಕೊಟ್ಟು ನಿಲ್ಲುವುದು. ಹತ್ತು ಕಲ್ಲಿಗೆ ಒಮ್ಮೆ ಹೊರುವವಳು ನಿಲ್ಲುವವಳಾಗುತ್ತಾಳೆ, ನಿಲ್ಲುವವಳು ಹೊರುವವಳಾಗುತ್ತಾಳೆ. ನನ್ನ ಜೋಡಿ ಗುಲಾಬಿಯಕ್ಕ, ವೇಣೂರಿನ ಹತ್ತಿರದವರು, ನನಗಿಂತ ಒಂಬತ್ತು ವರ್ಷ ದೊಡ್ಡವರು. ಹನ್ನೊಂದು ವರ್ಷ ನಾವಿಬ್ಬರು ಎತ್ತಿದ ಕಲ್ಲುಗಳನ್ನು ಸಾಲಾಗಿ ಇಟ್ಟರೆ ಬಂಟ್ವಾಳಕ್ಕೆ ಹೋಗಿ ವಾಪಸು ಬರಬಹುದು. ಇಷ್ಟು ವರ್ಷ ನಮ್ಮ ಬೆನ್ನು ಉಳಿದದ್ದು ಯಾವ ವಿದ್ಯೆಯಿಂದ ಎಂದು ನಮಗೆ ಗೊತ್ತಿರಲಿಲ್ಲ, ತಾವು ಗೋಡೆಗೆ ಬಂದ ಮೇಲೆಯೇ ಗೊತ್ತಾದದ್ದು.

ತಾವು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಮಂಗಳೂರಿನಿಂದ ಒಬ್ಬ ಸೇಫ್ಟಿ ಸರ್ ತಮ್ಮನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದರು. ನಮ್ಮನ್ನೆಲ್ಲ ಶೆಡ್ಡಿನಲ್ಲಿ ಕೂರಿಸಿ, ಬಿಸ್ಕತ್ತಿನ ಖಾಲಿ ರಟ್ಟಿನ ಪೆಟ್ಟಿಗೆಯೊಂದನ್ನು ನೆಲದ ಮೇಲಿಟ್ಟು, ತಮ್ಮಂತೆಯೇ ಎತ್ತಿ ತೋರಿಸಿದರು. ಬಹಳ ಸಜ್ಜನರು, ನಮ್ಮನ್ನೆಲ್ಲ ನೀವು, ತಾವು ಎಂದೇ ಮಾತಾಡಿಸಿದರು. ಆಮೇಲೆ ಗುಲಾಬಿಯಕ್ಕನನ್ನು ಕರೆದು ಎತ್ತಲು ಹೇಳಿದಾಗ, ಅವರು ಪಾದ ಅಗಲಿಸಿ, ಮೊಣಕಾಲು ಮಡಚಿ, ಬೆನ್ನು ನೆಟ್ಟಗಿಟ್ಟು, ತಪ್ಪಿಲ್ಲದೆ ಎತ್ತಿ ನಿಂತರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅವರು ಮಾತ್ರ ಪೆಟ್ಟಿಗೆ ಕೆಳಗಿಡದೆ, “ಸರ್, ಸೊಂಟದವರೆಗೆ ಬಂತು. ಇನ್ನು ತಲೆಗೆ ಹೇಗೆ?” ಎಂದು ಕೇಳಿದರು.

ಶೆಡ್ಡಿಗೆ ಶೆಡ್ಡೇ ನಕ್ಕಿತು, ನಕ್ಕವರಲ್ಲಿ ನಾನೂ ಇದ್ದೆ. ಸೇಫ್ಟಿ ಸರ್ ನಗಲಿಲ್ಲ. ತಲೆಯ ಮೇಲೆ ಹೊರುವುದು ಈ ಕ್ರಮದಲ್ಲಿ ಇಲ್ಲವೆಂದೂ, ಅದಕ್ಕೆ ತಳ್ಳುಗಾಡಿ ಬರಬೇಕೆಂದೂ ಹೇಳಿ ಪುಸ್ತಕದಲ್ಲಿ ಬರೆದುಕೊಂಡರು. ಆ ಪುಸ್ತಕ ಅವರೊಂದಿಗೆ ಮಂಗಳೂರಿಗೆ ಹೋಯಿತು, ತಳ್ಳುಗಾಡಿಯೂ ಅದರೊಳಗೇ ಇರಬೇಕು. ನಾವು ಹಾಜರಿ ಪಟ್ಟಿಗೆ ಸಹಿ ಹಾಕಿ, ತಮ್ಮ ಕೆಳಗೆ ನಿಂತು ಫೋಟೋ ತೆಗೆಸಿಕೊಂಡು ಕೆಲಸಕ್ಕೆ ಹೋದೆವು.

ಮಾನ್ಯರೇ, ಇಲ್ಲಿಂದ ಮುಂದಿನದು ತಮ್ಮ ಖ್ಯಾತಿಗೆ ಸಂಬಂಧಿಸಿದ್ದು, ಆದ್ದರಿಂದ ಗಮನವಿಟ್ಟು ಓದಬೇಕು. ನಮ್ಮ ಸೈಟ್ ಸೂಪರ್‌ವೈಸರ್ ಜಿತೇಶ್ ಸರ್ ತಮ್ಮನ್ನು ನಮಗಿಂತ ಹೆಚ್ಚು ಶ್ರದ್ಧೆಯಿಂದ ಅಭ್ಯಾಸ ಮಾಡಿದರು. ಮೂರು ಚಿತ್ರಗಳನ್ನು ನೋಡಿ ನಾವು ಕಂಡದ್ದು ಮೊಣಕಾಲು, ಅವರು ಕಂಡದ್ದು ತಾವು ಒಬ್ಬರೇ ಇದ್ದೀರಿ ಎಂಬುದು. ತರಬೇತಿ ಮುಗಿದ ಮರುವಾರ ಅವರು ನಮ್ಮನ್ನು ಕರೆದು, ಇಷ್ಟು ವರ್ಷ ವಿಧಾನ ಗೊತ್ತಿಲ್ಲದ ಕಾರಣ ಒಂದು ಕಲ್ಲಿಗೆ ಇಬ್ಬರು ಬೇಕಾಗುತ್ತಿತ್ತು, ಈಗ ಎಲ್ಲರೂ ಸರಿಯಾದ ಕ್ರಮ ಕಲಿತಾಯಿತು, ಆದ್ದರಿಂದ ಒಬ್ಬರು ಎತ್ತುವಾಗ ಇನ್ನೊಬ್ಬರು ಸುಮ್ಮನೆ ನಿಲ್ಲುವುದು ಬೇಡ ಎಂದು ಬಹಳ ನಯವಾಗಿ ವಿವರಿಸಿದರು. ಜೋಡಿಗಳಲ್ಲಿ ಒಬ್ಬೊಬ್ಬರನ್ನು ಬೇರೆ ಕೆಲಸಕ್ಕೆ ಹಾಕಿದರು. ನಾನು ಮರಳು ಜರಡಿ ಹಿಡಿಯುವಲ್ಲಿಗೆ ಬಂದೆ, ಗುಲಾಬಿಯಕ್ಕ ಕಲ್ಲಿನ ರಾಶಿಯ ಹತ್ತಿರ ಒಬ್ಬರೇ ಉಳಿದರು. ತಂತಮ್ಮ ಜಾಗ ಬಿಟ್ಟು ಇನ್ನೊಬ್ಬರ ಕೆಲಸಕ್ಕೆ ಕೈ ಹಾಕುವವರು ಮರುದಿನದಿಂದ ಬರುವುದು ಬೇಡ ಎಂಬ ಮಾತನ್ನೂ ಅವರು ಅಷ್ಟೇ ನಯವಾಗಿ ಹೇಳಿದರು. ಬೆನ್ನು ಉಳಿಸಲು ಬಂದ ತಾವು ನಮ್ಮಲ್ಲಿ ಅರ್ಧ ಜನರನ್ನೇ ಉಳಿಸಿಕೊಟ್ಟಿರಿ, ಇಂಥ ಮಿತವ್ಯಯದ ವಿದ್ಯೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ವೆಂಕಪ್ಪ ಮೇಸ್ತ್ರಿಯವರು ಒಮ್ಮೆ ಹೋಗಿ ಹೇಳಿನೋಡಿದರು. ಜಿತೇಶ್ ಸರ್ ಗೋಡೆಯಲ್ಲಿರುವ ತಮ್ಮ ಕಡೆಗೆ ಬೆರಳು ತೋರಿಸಿ, ಆಫೀಸಿನವರು ಕಳಿಸಿದ ಚಿತ್ರದಲ್ಲಿ ಎಷ್ಟು ಜನ ಇದ್ದಾರೆಂದು ಎಣಿಸಿ ಹೇಳುವಂತೆ ಕೇಳಿದರಂತೆ. ಮೇಸ್ತ್ರಿಯವರು ಎಣಿಸದೆ ವಾಪಸು ಬಂದರು.

ಕಲ್ಲನ್ನು ಒಬ್ಬರೇ ತಲೆಗೆ ಏರಿಸುವುದಕ್ಕೆ ಗುಲಾಬಿಯಕ್ಕ ಒಂದು ಉಪಾಯ ಕಂಡುಕೊಂಡಿದ್ದರು. ರಾಶಿ ಎತ್ತರ ಇರುವಾಗ ಮೇಲಿನ ಕಲ್ಲನ್ನು ಜಾರಿಸಿ ನೇರ ತಲೆಗೆ ತೆಗೆದುಕೊಳ್ಳುವುದು, ರಾಶಿ ತಗ್ಗಿದಾಗ ಹೊಸ ಲಾರಿ ಬರುವವರೆಗೆ ಚೂರುಗಳನ್ನು ಬುಟ್ಟಿಯಲ್ಲಿ ಹೊರುವುದು. ಆದರೆ ಕಳೆದ ಗುರುವಾರ ಲಾರಿ ಬರಲಿಲ್ಲ, ಬಾಗಿಲ ಮೇಲಿನ ಲಿಂಟೆಲ್ ಮಟ್ಟದ ಸಾಲಿಗೆ ಕಲ್ಲು ಬೇಕೇ ಬೇಕಾಗಿತ್ತು. ಬೆಳಗ್ಗೆಯಷ್ಟೇ ಮಳೆ ಬಿಟ್ಟಿತ್ತು. ನೆಲದಲ್ಲಿ ಉಳಿದದ್ದು ಅಡಿಯ ಸಾಲಿನ ನೆನೆದ ಕಲ್ಲುಗಳು ಮಾತ್ರ. ನನ್ನ ಜರಡಿಯಿಂದ ಅಲ್ಲಿಗೆ ಹನ್ನೆರಡು ಹೆಜ್ಜೆ, ಆಮೇಲೆ ನಾನು ಅಳೆದು ನೋಡಿದ್ದೇನೆ.

“ವಾರಿಜಾ, ಒಂದು ಕೈ ಹಿಡಿ” ಎಂದರು ಗುಲಾಬಿಯಕ್ಕ.

ನಾನು ತಿರುಗಿ ಶೆಡ್ಡಿನ ಕಡೆ ನೋಡಿದೆ. ಬಾಗಿಲಲ್ಲಿ ಜಿತೇಶ್ ಸರ್ ಫೋನಿನಲ್ಲಿ ಮಾತಾಡುತ್ತಾ ನಿಂತಿದ್ದರು. “ಸ್ವಲ್ಪ ತಾಳಿ ಅಕ್ಕ, ಅವರು ಒಳಗೆ ಹೋಗಲಿ” ಎಂದೆ.

ಗುಲಾಬಿಯಕ್ಕ ಇನ್ನೊಮ್ಮೆ ಕರೆಯಲಿಲ್ಲ. ಅವರ ಸ್ವಭಾವ ಹಾಗೆ, ಒಮ್ಮೆ ಕೇಳಿ ಆಗದಿದ್ದರೆ ಆ ವಿಷಯ ಅಲ್ಲಿಗೇ ಬಿಡುತ್ತಾರೆ. ಮಾನ್ಯರೇ, ಈಗ ಬರೆಯುವುದನ್ನು ತಾವು ಹೆಮ್ಮೆಯಿಂದ ಓದಬಹುದು. ಅವರು ಪಾದಗಳನ್ನು ಭುಜದಷ್ಟು ಅಗಲಿಸಿದರು. ಮೊಣಕಾಲು ಮಡಚಿದರು. ಕಲ್ಲನ್ನು ಎದೆಗೆ ಒತ್ತಿ ಹಿಡಿದು, ಬೆನ್ನು ಒಂದಿಷ್ಟೂ ಬಾಗಿಸದೆ, ಕಾಲಿನ ಬಲದಿಂದ ಎದ್ದು ನಿಂತರು. ತಮ್ಮ ಮೂರನೆಯ ಚಿತ್ರವನ್ನು ಅವರ ಪಕ್ಕಕ್ಕೆ ಹಿಡಿದಿದ್ದರೆ, ಅಂಗಿಯ ಬಣ್ಣ ಮತ್ತು ಮುಗುಳ್ನಗೆ ಬಿಟ್ಟರೆ ಬೇರೆ ವ್ಯತ್ಯಾಸವೇ ಇರುತ್ತಿರಲಿಲ್ಲ. ಆದರೆ ತಮ್ಮ ಪೋಸ್ಟರು ಅಲ್ಲಿಗೆ ಮುಗಿಯುತ್ತದೆ, ಅವರ ಕೆಲಸ ಅಲ್ಲಿಂದ ಶುರುವಾಗುತ್ತದೆ. ಕಲ್ಲನ್ನು ಸೊಂಟದಲ್ಲಿ ಹಿಡಿದು ಅವರು ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದರು. ನಾಲ್ಕನೆಯ ಚಿತ್ರಕ್ಕಾಗಿ ಕಾಯುತ್ತಿದ್ದರೋ, ನನಗಾಗಿ ಕಾಯುತ್ತಿದ್ದರೋ ಎಂದು ಇವತ್ತಿನವರೆಗೂ ಕೇಳುವ ಧೈರ್ಯ ನನಗೆ ಬಂದಿಲ್ಲ. ಆಮೇಲೆ ಉಸಿರು ಬಿಗಿಹಿಡಿದು ಮೇಲಕ್ಕೆ ತಳ್ಳಿದರು.

ಕಲ್ಲು ಪಕ್ಕಕ್ಕೆ ಬಿತ್ತು, ಪುಣ್ಯಕ್ಕೆ ಕಾಲಿನ ಮೇಲಲ್ಲ. ಗುಲಾಬಿಯಕ್ಕ ಬೀಳಲಿಲ್ಲ, ಕೂರಲೂ ಇಲ್ಲ, ಬಾಗಲೂ ಆಗದೆ ನಿಂತೇ ಇದ್ದರು. ನಾನು ಓಡಿ ಹೋಗುವಾಗ ಅವರ ಮುಖದಲ್ಲಿ ಬಣ್ಣವೇ ಇರಲಿಲ್ಲ. “ಕಲ್ಲಿನ ಮೂಲೆ ಹೋಯಿತಾ ನೋಡು” ಎಂದರು. ಮೂಲೆ ಹೋಗಿರಲಿಲ್ಲ. ಅವರನ್ನು ಹಲಗೆಯ ಮೇಲೆ ಮಲಗಿಸಿ, ನಾಲ್ಕು ಜನ ನಾಲ್ಕು ಕಡೆ ಹಿಡಿದು ಪಿಕಪ್ಪಿಗೆ ಏರಿಸಿದೆವು. ಆ ಭಾರವನ್ನು ನಾಲ್ಕು ಜನ ಎತ್ತಿದ್ದಕ್ಕೆ ಜಿತೇಶ್ ಸರ್ ಆಕ್ಷೇಪ ಹೇಳಲಿಲ್ಲ ಎಂಬುದನ್ನು ಕೃತಜ್ಞತೆಯಿಂದ ಇಲ್ಲಿ ದಾಖಲಿಸುತ್ತೇನೆ.

ಬೆನ್ನುಹುರಿಯ ಹತ್ತಿರದ ಡಿಸ್ಕ್ ಜಾರಿದೆ, ಆರು ತಿಂಗಳು ಒಂದು ಕೊಡಪಾನ ನೀರು ಕೂಡ ಎತ್ತಬಾರದು, ಆಮೇಲಿನದನ್ನು ಆಮೇಲೆ ನೋಡುವ ಎಂದು ಡಾಕ್ಟರು ಹೇಳಿದ್ದಾರೆ. ಕಲ್ಲು ಬಿಟ್ಟು ಬೇರೆ ಕೆಲಸ ಗೊತ್ತಿಲ್ಲದವರಿಗೆ ‘ಆಮೇಲೆ’ ಎಂಬುದು ಎಷ್ಟು ದೂರದ ಊರು ಎಂದು ತಮಗೆ ತಿಳಿದಿರಲಿಕ್ಕಿಲ್ಲ.

ಈಗ ನಾನು ತಮಗೆ ಪತ್ರ ಬರೆಯಬೇಕಾಗಿ ಬಂದ ಕಾರಣ. ನಾಲ್ಕು ದಿನ ಕಳೆದು, ಸೋಮವಾರ ಜಿತೇಶ್ ಸರ್ ನನ್ನನ್ನು ಕರೆದು ಒಂದು ಫಾರ್ಮು ಕೊಟ್ಟರು. ‘ಘಟನೆಯ ವರದಿ’ ಎಂದು ಮೇಲೆ ಇತ್ತು. ಕಾರಣ ಎಂಬಲ್ಲಿ, ತರಬೇತಿಯಲ್ಲಿ ತಿಳಿಸಿದಂತೆ ಮೊಣಕಾಲು ಮಡಚದೆ, ಕಾರ್ಮಿಕರು ಬೆನ್ನು ಬಾಗಿಸಿ ಭಾರ ಎತ್ತಿರುವುದು ಎಂದು ಮೊದಲೇ ಟೈಪು ಮಾಡಿ ಆಗಿತ್ತು. ಕೆಳಗೆ ಕಣ್ಣಾರೆ ಕಂಡವರ ಹೇಳಿಕೆಗೆ ನಾಲ್ಕು ಗೆರೆಯ ಜಾಗ, ಅದರ ಕೆಳಗೆ ಸಹಿ. ಆ ವರದಿ ಹೋದರೆ ತಪ್ಪು ಗುಲಾಬಿಯಕ್ಕನದ್ದು ಎಂದಾಗುತ್ತದೆ, ಚಿಕಿತ್ಸೆಯ ಹೊಣೆ ಕಂಪೆನಿಯ ಮೇಲೆ ಇರುವುದಿಲ್ಲ, ನಾಳೆ ಬೆನ್ನು ಸರಿಯಾದರೂ ಅವರ ಯಾವ ಸೈಟಿಗೂ ಗುಲಾಬಿಯಕ್ಕನನ್ನು ಸೇರಿಸುವುದಿಲ್ಲ. “ಒಂದು ಸೈನ್ ಅಷ್ಟೇ ಅಲ್ವಾ ಅಕ್ಕ. ಹೀಗೆ ಬರೆಯದಿದ್ರೆ ಮೇಲಿನವರು ನನ್ನನ್ನು ಕೇಳ್ತಾರೆ, ನಾನು ನಿಮ್ಮನ್ನು ಕೇಳ್ಬೇಕಾಗ್ತದೆ” ಎಂದರು ಜಿತೇಶ್ ಸರ್. ಬುಧವಾರದವರೆಗೆ ಸಮಯ ಕೊಟ್ಟರು.

ಮಾನ್ಯರೇ, ಆ ಗುರುವಾರ ಶೆಡ್ಡಿನ ಬಾಗಿಲು ತೆರೆದೇ ಇತ್ತು, ತಮ್ಮ ಗೋಡೆ ಕಲ್ಲಿನ ರಾಶಿಗೆ ನೇರ ಎದುರು. ತಾವು ಕಣ್ಣು ಮುಚ್ಚುವುದನ್ನು ನಾನು ಈ ಮೂರು ತಿಂಗಳಲ್ಲಿ ಒಮ್ಮೆಯೂ ನೋಡಿಲ್ಲ. ಎಲ್ಲವನ್ನೂ ಪೂರ್ತಿ ಕಂಡೂ ಕೆಲಸ ಹೋಗುವ ಭಯವಿಲ್ಲದವರು ತಾವೊಬ್ಬರೇ. ಆದ್ದರಿಂದ ತಾವು ಮೊಳೆ ಬಿಡಿಸಿಕೊಂಡು, ಒಂದು ಹತ್ತು ನಿಮಿಷದ ಮಟ್ಟಿಗೆ ಕೆಳಗಿಳಿದು ಬಂದು, ‘ಆಕೆ ಎತ್ತಿದ್ದು ನನ್ನ ಹಾಗೆಯೇ’ ಎಂದು ಆ ನಾಲ್ಕು ಗೆರೆಯಲ್ಲಿ ಬರೆದುಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಬರುವಾಗ ಆ ಪೆಟ್ಟಿಗೆಯನ್ನೂ ತಂದರೆ ಒಳ್ಳೆಯದು, ಮುಚ್ಚಳ ತೆರೆದು ಮೇಸ್ತ್ರಿಯವರ ಸಂಶಯ ಪರಿಹರಿಸಬಹುದು. ಅದು ಆಗದಿದ್ದರೆ, ಬಂದ ದಾರಿಯಲ್ಲಿ ಒಂದು ನೆನೆದ ಕಲ್ಲನ್ನು ಸೊಂಟದವರೆಗೆ ಎತ್ತಿ, ಅಲ್ಲಿಂದ ತಲೆಗೆ ಒಬ್ಬರೇ ಏರಿಸಿ, ಹಲಗೆಯ ಮೇಲೆ ನಡೆದು ತೋರಿಸಿದರೂ ಸಾಕು. ಆ ಹೊತ್ತಿಗೆ ತಮ್ಮ ಮುಖ ಹೇಗಿರುತ್ತದೆ ಎಂಬುದನ್ನು ಯಾರಾದರೂ ಚಿತ್ರ ಬರೆದು ನಾಲ್ಕನೆಯದಾಗಿ ಸೇರಿಸಬಹುದು.

ಮಂಗಳವಾರ ಕೆಲಸ ಬಿಟ್ಟು ಬರುವಾಗ ಗುಲಾಬಿಯಕ್ಕನ ಮನೆಗೆ ಹೋಗಿದ್ದೆ. ನೆಲದಲ್ಲಿ ಹಲಗೆ ಹಾಕಿ, ಅದರ ಮೇಲೆ ಚಾಪೆ ಹಾಸಿ ಮಲಗಿಸಿದ್ದರು. ನನ್ನನ್ನು ಕಂಡ ಕೂಡಲೇ ಗೋಡೆ ಎಲ್ಲಿಯವರೆಗೆ ಬಂತು ಎಂದು ವಿಚಾರಿಸಿದರು. ಫಾರ್ಮಿನ ವಿಷಯ ಅವರಿಗೆ ಆಗಲೇ ಗೊತ್ತಾಗಿತ್ತು. “ನೀನು ಸೈನ್ ಹಾಕು” ಎಂದರು, ಮಾಡಿನ ಹಂಚನ್ನು ನೋಡುತ್ತಾ. “ಇಬ್ಬರೂ ಮನೆಯಲ್ಲಿ ಕೂತು ಮಾಡುವುದು ಏನುಂಟು?” ಅವರು ನನ್ನನ್ನು ಕರೆದಿದ್ದರು ಎಂಬುದನ್ನು ಮನೆಯವರ ಹತ್ತಿರ ಹೇಳಿರಲಿಲ್ಲ. ನನ್ನ ಹತ್ತಿರವೂ ಹೇಳಲಿಲ್ಲ. ಬೈದಿದ್ದರೆ ಒಂದು ರೀತಿಯಲ್ಲಿ ಸಮಾಧಾನವಾಗುತ್ತಿತ್ತು. ಬಸ್ಸಿನಲ್ಲಿ ಬರುವಾಗ ನನಗೆ ಅಳು ತಡೆಯಲಿಕ್ಕಾಗಲಿಲ್ಲ. ಅದು ದುಃಖಕ್ಕಿಂತ ಹೆಚ್ಚಾಗಿ ನಾಚಿಕೆ. ತಮ್ಮ ಮೇಲೆ, ಜಿತೇಶ್ ಸರ್ ಮೇಲೆ ನಾನು ಇಷ್ಟೊತ್ತು ಬರೆದ ಸಿಟ್ಟಿನಲ್ಲಿ ಅರ್ಧ ಭಾಗ ನನ್ನ ಮೇಲಿನದ್ದು ಎಂದು ತಮಗೆ ಈಗಾಗಲೇ ಅರ್ಥವಾಗಿರಬೇಕು.

ಇವತ್ತು ಬುಧವಾರ. ತಾವು ಕೆಳಗಿಳಿದು ಬರುವ ಲಕ್ಷಣ ಕಾಣದ್ದರಿಂದ, ಕಣ್ಣಾರೆ ಕಂಡವರ ಜಾಗದಲ್ಲಿ ನಾನೇ ಬರೆದಿದ್ದೇನೆ. ಪ್ರತಿಯನ್ನು ತಮ್ಮ ಅವಗಾಹನೆಗೆ ಕೊಡುತ್ತಿದ್ದೇನೆ: ‘ಗುಲಾಬಿಯಕ್ಕ ಮೊಣಕಾಲು ಮಡಚಿ, ಬೆನ್ನು ನೆಟ್ಟಗಿಟ್ಟೇ ಎತ್ತಿದರು. ಎತ್ತುವ ಮೊದಲು ನನ್ನನ್ನು ಸಹಾಯಕ್ಕೆ ಕರೆದರು. ಇನ್ನೊಬ್ಬರ ಕೆಲಸಕ್ಕೆ ಹೋಗಬಾರದೆಂದು ಸೂಪರ್‌ವೈಸರ್ ಹೇಳಿದ್ದರು. ನಾನು ಹೋಗಲಿಲ್ಲ.’ ನಾಲ್ಕು ಗೆರೆ ಸರಿಯಾಗಿ ಸಾಕಾಯಿತು. ಅದರ ಕೆಳಗೆ ನನ್ನ ಸಹಿ ಹಾಕಿದೆ. ಅದನ್ನು ನೋಡಿದ ವೆಂಕಪ್ಪ ಮೇಸ್ತ್ರಿಯವರು, ಕೈಯ ಸಿಮೆಂಟನ್ನು ಲುಂಗಿಗೆ ಒರಸಿಕೊಂಡು, ನನ್ನ ಹೆಸರಿನ ಪಕ್ಕ ತಮ್ಮ ಹೆಸರನ್ನೂ ಬರೆದರು. ನಾಳೆ ನಮಗೆ ಇಲ್ಲಿ ಕೆಲಸ ಇರುತ್ತದೋ ಇಲ್ಲವೋ ತಿಳಿಯದು. ಈ ಪತ್ರವನ್ನು ತಮ್ಮ ಪಾದಗಳ ಕೆಳಗೆ, ಬರುವವರಿಗೆಲ್ಲ ಕಾಣುವ ಹಾಗೆ ಅಂಟಿಸಿ ಹೋಗುತ್ತಿದ್ದೇನೆ. ತಮಗೆ ಓದಲು ಬಾಗಬೇಕಾದರೆ ಕ್ರಮ ತಮಗೇ ಗೊತ್ತಿದೆ.

ಕರೆದಾಗ ಹನ್ನೆರಡು ಹೆಜ್ಜೆ ನಡೆಯದಿದ್ದ, ಇನ್ನು ಮುಂದೆ ನಡೆಯಲಿರುವ,
ತಮ್ಮ ವಿಶ್ವಾಸಿ,
ವಾರಿಜಾಕ್ಷಿ, ಸಿದ್ಧಕಟ್ಟೆ

ವಿ.ಸೂ.: ಫಾರ್ಮನ್ನು ಜಿತೇಶ್ ಸರ್ ಅವರ ಮೇಜಿನ ಮೇಲೆ ಇಟ್ಟಾಗ ಅವರು ಓದಿದರು, ಮತ್ತೊಮ್ಮೆ ಓದಿದರು, ಅಷ್ಟರಲ್ಲಿ ಫ್ಯಾನಿನ ಗಾಳಿಗೆ ಅದು ಹಾರಿ ನೆಲಕ್ಕೆ ಬಿತ್ತು. ಅವರು ಎದ್ದು, ಪಾದಗಳನ್ನು ಜೋಡಿಸಿಕೊಂಡು, ಮೊಣಕಾಲು ಚೂರೂ ಮಡಚದೆ, ಬೆನ್ನು ಪೂರ್ತಿ ಬಾಗಿಸಿ ಅದನ್ನು ಎತ್ತಿದರು. ತರಬೇತಿಯ ಹಾಜರಿ ಪಟ್ಟಿಯಲ್ಲಿ ಅವರ ಸಹಿಯೂ ಉಂಟು. ಈ ಬಗ್ಗೆ ವರದಿ ತಯಾರಿಸುವುದಿದ್ದರೆ, ಕಣ್ಣಾರೆ ಕಂಡವಳು ನಾನಿದ್ದೇನೆ.